ಸಕ್ಕರೆ ಕಾರ್ಖಾನೆಯ ವಾಕಿಟಾಕಿ: ಉಬ್ಬಿದ ಬ್ಯಾಟರಿ, ಡಿಸ್ಟಿಲರಿ, ವೇಬ್ರಿಡ್ಜ್ ಮತ್ತು ರೇಡಿಯೇಷನ್ ಭಯ

ಪ್ರಶ್ನೆ: ಸರ್, ನಾನು ಮಂಡ್ಯ ಕಡೆ ಒಂದು ಸಕ್ಕರೆ ಕಾರ್ಖಾನೇಲಿ ಸೆಕ್ಯುರಿಟಿ ಸೂಪರ್‌ವೈಸರ್. ಗೇಟು, ಕಬ್ಬಿನ ಯಾರ್ಡು, ವೇಬ್ರಿಡ್ಜು, ಮಿಲ್ ಹೌಸು, ಪಕ್ಕದ ಡಿಸ್ಟಿಲರಿ ಎಲ್ಲಾ ಸೇರಿ ಹದಿನೈದು ವಾಕಿಟಾಕಿ ಇದೆ. ಬೆಳಿಗ್ಗೆ ಆರಕ್ಕೆ ಫುಲ್ ಚಾರ್ಜ್ ಆಗಿರೋ ಸೆಟ್ಟು ಹನ್ನೊಂದು ಹನ್ನೆರಡಕ್ಕೆಲ್ಲಾ ಕುಂಯ್ ಕುಂಯ್ ಅನ್ನುತ್ತೆ. ಒಂದು ಬ್ಯಾಟರಿ ಸ್ವಲ್ಪ ಉಬ್ಬಿದೆ, ಆದ್ರೂ ಕೆಲಸ ಮಾಡ್ತಿದೆ. ಹುಡುಗ್ರು ದಿನವಿಡೀ ಕೆನ್ನೆಗೆ ಒತ್ತಿ ಹಿಡ್ಕೊಂಡು ಮಾತಾಡ್ತಾರೆ, ರೇಡಿಯೇಷನ್ ಇಂದ ತಲೆಗೆ ಏನಾದ್ರೂ ಆಗುತ್ತಾ ಅಂತ ಒಬ್ಬ ಗಾರ್ಡ್ ಮನೆಯವರು ಬಂದು ಕೇಳಿದ್ರು. ಡಿಸ್ಟಿಲರಿ ಒಳಗೂ ಇದೇ ಸೆಟ್ ತಗೊಂಡು ಹೋಗ್ತೀವಿ, ಅದು ಸರಿನಾ? ವೇಬ್ರಿಡ್ಜ್ ಆಪರೇಟರ್ ಬೇರೆ ಯಾವಾಗ್ಲೂ ನಮ್ಮನ್ನ ಬೈತಾನೆ. ಕ್ಲೀನಿಂಗು, ಲೈಸೆನ್ಸು ಬಗ್ಗೆನೂ ಹೇಳಿ.

ಉತ್ತರ: ಮೊದಲು ಆ ಉಬ್ಬಿದ ಬ್ಯಾಟರಿ. ಮಿಕ್ಕಿದ್ದು ಆಮೇಲೆ ಓದಿದ್ರೂ ಆಗುತ್ತೆ, ಅದನ್ನ ಈಗ್ಲೇ ಸೆಟ್‌ನಿಂದ ಬಿಚ್ಚಿ ಪಕ್ಕಕ್ಕೆ ಇಡಿ, "ಕೆಲಸ ಮಾಡ್ತಿದೆ" ಅನ್ನೋ ಮಾತಿಗೆ ಇಲ್ಲಿ ಬೆಲೆ ಇಲ್ಲ. ಲಿಥಿಯಂ ಅಯಾನ್ ಬ್ಯಾಟರಿ ಉಬ್ಬೋದು ಅಂದ್ರೆ ಒಳಗಿನ ಎಲೆಕ್ಟ್ರೋಲೈಟ್ ಕೆಟ್ಟು ಗ್ಯಾಸ್ ಆಗ್ತಿದೆ ಅಂತ, ಅದು ವಾಪಸ್ ಇಳಿಯಲ್ಲ. ಒತ್ತಿ ಕೂರಿಸೋದು, ರಬ್ಬರ್ ಬ್ಯಾಂಡ್ ಸುತ್ತೋದು, ಪಿನ್ ಚುಚ್ಚಿ ಗಾಳಿ ತೆಗೀತೀನಿ ಅನ್ನೋದು, ಇದೆಲ್ಲ ನಾನು ಬೆಂಚ್ ಮೇಲೆ ನೋಡಿರೋದೇ, ದಯವಿಟ್ಟು ಯಾವುದನ್ನೂ ಮಾಡ್ಬೇಡಿ. ಟರ್ಮಿನಲ್ ಮೇಲೆ ಇನ್ಸುಲೇಷನ್ ಟೇಪ್ ಹಚ್ಚಿ, ಒಣ ಮರಳು ಹಾಕಿದ ತಗಡಿನ ಡಬ್ಬೀಲಿ ಹಾಕಿ, ಮುಚ್ಚಳ ಬಿಗಿಯಾಗಿ ಹಾಕದೆ, ಸುಡೋ ಸಾಮಾನು ಇಲ್ಲದ ಕಡೆ, ಬಿಲ್ಡಿಂಗ್ ಹೊರಗೆ ನೆರಳಲ್ಲಿ ಇಡಿ. ಕಬ್ಬಿನ ಸಿಪ್ಪೆ ರಾಶಿ ಕಡೆ ಅಂತೂ ಬೇಡವೇ ಬೇಡ. ಆಮೇಲೆ ಮಾರಿದ ಡೀಲರ್‌ಗೆ ವಾಪಸ್ ಕೊಡಿ, ಬ್ಯಾಟರಿ ವೇಸ್ಟ್ ಮ್ಯಾನೇಜ್‌ಮೆಂಟ್ ರೂಲ್ಸ್ 2022ರ ಪ್ರಕಾರ ಹಳೇ ಬ್ಯಾಟರಿ ವಾಪಸ್ ತಗೊಂಡು ರೀಸೈಕಲ್ ಮಾಡಿಸೋ ಜವಾಬ್ದಾರಿ ಬ್ಯಾಟರಿ ಮಾರುಕಟ್ಟೆಗೆ ತಂದ ಕಂಪನಿಯದೇ. ಗುಜರಿಯವನಿಗೆ ಕೊಡ್ಬೇಡಿ, ಕಸದ ಗಾಡಿಗೂ ಬೇಡ.

ಅಕಸ್ಮಾತ್ ಯಾವತ್ತಾದ್ರೂ ಬ್ಯಾಟರಿ ಹೊಗೆ ಬಿಡೋಕೆ ಶುರುವಾದ್ರೆ ಹೊಗೆ ಕುಡೀಬೇಡಿ, ಅದು ವಿಷ. ಇಷ್ಟು ಚಿಕ್ಕ ಪ್ಯಾಕ್ ಆದ್ರೆ ದೂರ ನಿಂತು ನೀರು ಸುರೀತಾ ಇರೋದೇ ಒಳ್ಳೇದು, ಯಾಕಂದ್ರೆ ಬೆಂಕಿ ಆರಿಸೋದರ ಜೊತೆಗೆ ಸೆಲ್‌ನ ಬಿಸಿ ಇಳಿಸೋದೂ ಮುಖ್ಯ, ಇಲ್ಲಾಂದ್ರೆ ಆರಿದಂಗೆ ಕಂಡು ಮತ್ತೆ ಹತ್ಕೊಳ್ಳುತ್ತೆ. ಚಾರ್ಜರ್‌ನಲ್ಲಿ ಕೂತಿರೋವಾಗ ಹೀಗಾದ್ರೆ ಮಾತ್ರ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ನೀರು ಆಮೇಲೆ.

ಇನ್ನು ಚಾರ್ಜ್ ಯಾಕೆ ನಿಲ್ತಿಲ್ಲ ಅನ್ನೋದು. ನಿಮ್ಮ ಬ್ಯಾಟರಿ ಕೆಟ್ಟಿರಬಹುದು, ಆದ್ರೆ ಅದಕ್ಕೂ ಮುಂಚೆ ಒಂದು ಲೆಕ್ಕ ನೋಡಿ. ಕಂಪನಿಯವರು ಬಾಕ್ಸ್ ಮೇಲೆ ಹನ್ನೆರಡು ಹದಿಮೂರು ಗಂಟೆ ಅಂತ ಹಾಕ್ತಾರಲ್ಲ, ಅದು 5-5-90 ಅನ್ನೋ ಲೆಕ್ಕದ ಮೇಲೆ, ಅಂದ್ರೆ ನೂರು ನಿಮಿಷದಲ್ಲಿ ಐದು ನಿಮಿಷ ಮಾತಾಡ್ತೀರ, ಐದು ನಿಮಿಷ ಕೇಳ್ತೀರ, ಮಿಕ್ಕ ತೊಂಬತ್ತು ನಿಮಿಷ ಸೆಟ್ ಸುಮ್ನೆ ಕೂತಿರುತ್ತೆ ಅಂತ. 5 ವ್ಯಾಟ್ ಹೈ ಪವರ್‌ನಲ್ಲಿ ಪಿಟಿಟಿ, ಅಂದ್ರೆ ಮಾತಾಡೋಕೆ ಒತ್ತೋ ಬಟನ್, ಒತ್ತಿದಾಗ ಸೆಟ್ ಸುಮಾರು 1500 ಮಿಲಿಆಂಪ್ ಎಳೆಯುತ್ತೆ, ಸ್ಪೀಕರ್‌ನಲ್ಲಿ ಮಾತು ಬರ್ತಿದ್ದಾಗ ಸುಮಾರು 300, ಸುಮ್ನಿದ್ದಾಗ 70 ಆಸುಪಾಸು. 5-5-90 ಹಾಕಿದ್ರೆ ಸರಾಸರಿ 150 ಮಿಲಿಆಂಪ್ ಬರುತ್ತೆ, 2000 ಎಂಎಎಚ್ ಬ್ಯಾಟರಿ ಹದಿಮೂರು ಗಂಟೆ ಬರುತ್ತೆ, ಸರಿ. ಈಗ ನಿಮ್ಮ ಯಾರ್ಡ್ ಹುಡುಗನ್ನ ನೋಡಿ. ಸೀಸನ್‌ನಲ್ಲಿ ಟ್ರ್ಯಾಕ್ಟರ್ ಸಾಲು ರೋಡಿನ ತನಕ ನಿಂತಿರುತ್ತೆ, ಅವನು ಶೇಕಡ 20 ಸಮಯ ಮಾತಾಡ್ತಾನೇ ಇರ್ತಾನೆ, ಇನ್ನೊಂದು 20 ಕೇಳ್ತಾ ಇರ್ತಾನೆ. ಸರಾಸರಿ 400 ಮಿಲಿಆಂಪ್ ಆಯ್ತು. ಅದೇ ಬ್ಯಾಟರಿ, ಐದು ಗಂಟೆ. ಆರಕ್ಕೆ ಶುರು ಮಾಡಿದ್ರೆ ಹನ್ನೊಂದಕ್ಕೆ ಕುಂಯ್ ಅನ್ನಲೇಬೇಕು, ಹೊಸ ಬ್ಯಾಟರಿ ಹಾಕಿದ್ರೂ ಅನ್ನುತ್ತೆ.

ಹಾಗಾಗಿ ಬ್ಯಾಟರಿ ಬದಲಾಯಿಸೋಕೆ ಮುಂಚೆ ಪವರ್ ಕಮ್ಮಿ ಮಾಡ್ಸಿ. ಯಾರ್ಡ್‌ನಿಂದ ಗೇಟ್‌ಗೆ, ವೇಬ್ರಿಡ್ಜ್‌ಗೆ ಕಣ್ಣಿಗೆ ಕಾಣೋ ದೂರ, ಅಲ್ಲಿಗೆ 5 ವ್ಯಾಟ್ ಯಾಕೆ? ಬಹುತೇಕ ಪ್ರೊಫೆಷನಲ್ ಸೆಟ್‌ಗಳಲ್ಲಿ ಲೋ ಪವರ್ ಅಂತ 1 ವ್ಯಾಟ್ ಇದ್ದೇ ಇರುತ್ತೆ, ಬಟನ್‌ಗೆ ಹಾಕ್ಸಬಹುದು, ಇಲ್ಲಾ ಚಾನೆಲ್‌ಗೇ ಫಿಕ್ಸ್ ಮಾಡ್ಸಬಹುದು. ಮಿಲ್ ಹೌಸ್ ಒಳಗಿನವರಿಗೆ ಹೈ ಬೇಕಾಗಬಹುದು, ಅಲ್ಲಿ ಪೂರ್ತಿ ಕಬ್ಬಿಣ, ಸಿಗ್ನಲ್ ದಾಟೋದು ಕಷ್ಟ. ಮಿಕ್ಕವರಿಗೆ ಲೋ ಸಾಕು. ಜೊತೆಗೆ ಟೈಮ್ ಔಟ್ ಟೈಮರ್ 60 ಸೆಕೆಂಡ್‌ಗೆ ಇಡ್ಸಿ. ಯಾರೋ ಸೆಟ್ ಮೇಲೆ ಕೂತು ಪಿಟಿಟಿ ಒತ್ಕೊಂಡಿದ್ರೆ ಇಡೀ ಚಾನೆಲ್ ಎಂಗೇಜ್ ಆಗಿ, ಅಪಘಾತ ಆಗಿ ಯಾರಾದ್ರೂ ಕೂಗಿದ್ರೂ ಕೇಳ್ಸಲ್ಲ, ಈ ಟೈಮರ್ ಇದ್ರೆ ಒಂದು ನಿಮಿಷಕ್ಕೆ ತಾನೇ ಕಟ್ ಆಗುತ್ತೆ. ನನ್ನ ಕೇಳಿದ್ರೆ ಕಾರ್ಖಾನೆ ಸೆಟ್‌ನಲ್ಲಿ ಮಾಡಿಸ್ಬೇಕಾದ ಮೊದಲನೇ ಸೆಟ್ಟಿಂಗ್ ಅದೇ.

ಇಷ್ಟಾದ ಮೇಲೂ ಒಂದೆರಡು ಬ್ಯಾಟರಿ ಬೇಗ ಮಲಗ್ತಿವೆ ಅಂದ್ರೆ ಅವು ವಯಸ್ಸಾದವು. ದಿನಕ್ಕೊಂದು ಸಲ ಚಾರ್ಜ್ ಮಾಡೋ ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ 300ರಿಂದ 500 ಸೈಕಲ್ ತನಕ ಚೆನ್ನಾಗಿರುತ್ತೆ, ಅಂದ್ರೆ ಒಂದರಿಂದ ಒಂದೂವರೆ ವರ್ಷ. ಸರ್ವಿಸ್ ಸೆಂಟರ್‌ನಲ್ಲಿ ಅನಲೈಸರ್‌ಗೆ ಹಾಕಿದ್ರೆ ಎಷ್ಟು ಕೆಪಾಸಿಟಿ ಉಳಿದಿದೆ ಅಂತ ತೋರಿಸುತ್ತೆ, ಶೇಕಡ 80ಕ್ಕಿಂತ ಕೆಳಗೆ ಬಂದಿದ್ರೆ ಬದಲಾಯಿಸೋದು ಪದ್ಧತಿ. ಪ್ರತಿ ಬ್ಯಾಟರಿಗೂ ಪೇಂಟ್ ಮಾರ್ಕರ್‌ನಲ್ಲಿ ನಂಬರು, ತಗೊಂಡ ತಿಂಗಳು ಬರೀರಿ. ಈಗ ನಿಮ್ಮಲ್ಲಿ ಯಾವ ಸೆಟ್‌ಗೆ ಯಾವ ಬ್ಯಾಟರಿ ಅಂತ ಯಾರಿಗೂ ಗೊತ್ತಿರಲ್ಲ, ಒಳ್ಳೇ ಬ್ಯಾಟರಿ ಯಾವಾಗ್ಲೂ ಜೋರು ಮಾಡೋನ ಹತ್ರ ಇರುತ್ತೆ, ಕೆಟ್ಟದ್ದು ನೈಟ್ ಶಿಫ್ಟ್ ಮುದುಕಪ್ಪನ ಹತ್ರ ಇರುತ್ತೆ. ಎಲ್ಲಾ ಕಡೆ ಇದೇ ಕಥೆ.

ಡೂಪ್ಲಿಕೇಟ್ ಬ್ಯಾಟರಿ ಬಗ್ಗೆ: ಅರ್ಧ ಬೆಲೆಗೆ ಸಿಗುತ್ತೆ ನಿಜ. ಈ ಪ್ಯಾಕ್ ಒಳಗೆ ಎರಡು ಸೆಲ್ ಸೀರೀಸ್‌ನಲ್ಲಿರುತ್ತೆ, 7.4 ವೋಲ್ಟು, ಫುಲ್ ಆದಾಗ 8.4. ಅದರ ಜೊತೆ ಓವರ್‌ಚಾರ್ಜ್, ಶಾರ್ಟ್ ಸರ್ಕ್ಯೂಟ್ ತಡೆಯೋ ಚಿಕ್ಕ ಬೋರ್ಡು, ಬಿಸಿ ಅಳೆಯೋ ಥರ್ಮಿಸ್ಟರ್ ಇರಬೇಕು. ಡೂಪ್ಲಿಕೇಟ್‌ಗಳನ್ನ ಬಿಚ್ಚಿ ನೋಡಿದ್ರೆ ಕೆಲವದ್ರಲ್ಲಿ ಥರ್ಮಿಸ್ಟರ್ ಬದಲು ಒಂದು ರೆಸಿಸ್ಟರ್ ಬೆಸುಗೆ ಹಾಕಿರ್ತಾರೆ, ಬ್ಯಾಟರಿ ಎಷ್ಟೇ ಕಾದ್ರೂ ಚಾರ್ಜರ್‌ಗೆ "ತಣ್ಣಗಿದೆ" ಅಂತಲೇ ಹೇಳುತ್ತೆ ಅದು. ಉಳಿಸಿದ ದುಡ್ಡು ಯಾವ ಲೆಕ್ಕ ಹೇಳಿ. ಹಾಗೇನೆ ಹಳೇ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಚಾರ್ಜರ್‌ನಲ್ಲಿ ಲಿಥಿಯಂ ಕೂರಿಸ್ಬೇಡಿ, ಸಲೀಸಾಗಿ ಕೂತ್ರೂನೂ. ಎರಡಕ್ಕೂ ಚಾರ್ಜ್ ಆಗೋ ರೀತಿನೇ ಬೇರೆ.

ಚಾರ್ಜರ್ ಎಲ್ಲಿಟ್ಟಿದ್ದೀರ ಅಂತ ನೀವು ಬರೆದಿಲ್ಲ, ಆದ್ರೆ ನಾನು ನೋಡಿರೋ ಸೆಕ್ಯುರಿಟಿ ಕ್ಯಾಬಿನ್‌ಗಳಲ್ಲೆಲ್ಲಾ ಅದು ಕಿಟಕಿ ಪಕ್ಕ ಮರದ ಹಲಗೆ ಮೇಲೆ, ಕೆಳಗೆ ರಿಜಿಸ್ಟರ್ ಪುಸ್ತಕದ ರಾಶಿ, ಮೇಲೆ ಒಣಗೋಕೆ ಹಾಕಿದ ಟವಲ್ಲು. ಒಂದು ತುಂಡು ಕಡಪ ಕಲ್ಲು ಹಾಕಿ ಅದರ ಮೇಲಿಡಿ, ಸುತ್ತ ಒಂದು ಗೇಣು ಖಾಲಿ ಬಿಡಿ, ಬಿಸಿಲು ಬೀಳಬಾರದು. ಚಾರ್ಜಿಂಗ್ ಸಾಮಾನ್ಯವಾಗಿ 5ರಿಂದ 40 ಡಿಗ್ರಿ ಒಳಗೆ ನಡೀಬೇಕು, ಏಪ್ರಿಲ್‌ನಲ್ಲಿ ಶೀಟ್ ಹೊದಿಸಿದ ಕ್ಯಾಬಿನ್ ಒಳಗೆ 40 ದಾಟೋದು ದೊಡ್ಡ ವಿಷಯ ಅಲ್ಲ. ಕೆಲವು ಚಾರ್ಜರ್‌ಗಳಲ್ಲಿ ಬ್ಯಾಟರಿ ಬಿಸಿಯಿದ್ರೆ ಹಳದಿ ಲೈಟು ಮಿಣುಕುತ್ತೆ, ಹುಡುಗ್ರು ಚಾರ್ಜರ್ ಕೆಟ್ಟಿದೆ ಅಂತ ತಲೆ ಮೇಲೆ ಕುಟ್ತಾರೆ, ಅದು ಪಾಪ ಬ್ಯಾಟರಿ ತಣ್ಣಗಾಗಲಿ ಅಂತ ಕಾಯ್ತಾ ಇರುತ್ತೆ. ಕೆಂಪು ಮಿಣುಕಿದ್ರೆ ಮಾತ್ರ ತೊಂದರೆ ಇದೆ, ಕಾಂಟ್ಯಾಕ್ಟ್ ಒರೆಸಿ ನೋಡಿ, ಆಗ್ಲೂ ಮಿಣುಕಿದ್ರೆ ಆ ಬ್ಯಾಟರಿ ಬಿಟ್ಬಿಡಿ. ಲೈಟಿನ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತೆ, ಚಾರ್ಜರ್ ತಳದಲ್ಲಿ ಅಂಟಿಸಿರ್ತಾರೆ ನೋಡ್ಕೊಳ್ಳಿ. ಸೆಟ್ ಆಫ್ ಮಾಡಿ ಚಾರ್ಜ್‌ಗೆ ಇಡಿ, ಚಾರ್ಜರ್‌ನಲ್ಲಿ ಇದ್ದಂಗೇ ಪಿಟಿಟಿ ಒತ್ತಿ ಮಾತಾಡೋದು ಬೇಡ.

ಇನ್ನೊಂದು ಯಾರೂ ಯೋಚನೆ ಮಾಡದ್ದು: ಸ್ಪೇರ್ ಬ್ಯಾಟರಿನ ಪ್ಯಾಂಟ್ ಜೇಬಲ್ಲಿ ಹಾಕ್ಕೊಳ್ಳೋದು. ಗಾರ್ಡ್ ಜೇಬಲ್ಲಿ ಇರೋದೇ ಬೀಗದ ಕೈ ಗೊಂಚಲು, ವಿಷಲ್ ಚೈನು, ಚಿಲ್ಲರೆ ಕಾಸು. ಬ್ಯಾಟರಿ ಹಿಂದಿನ ಲೋಹದ ಚುಕ್ಕೆಗಳಿಗೆ ಚೈನ್ ಅಡ್ಡ ಬಿದ್ರೆ ಶಾರ್ಟ್ ಆಗಿ ಚೈನು ಕೆಂಪಗೆ ಕಾಯುತ್ತೆ, ತೊಡೆ ಸುಡುತ್ತೆ. ಪ್ಲಾಸ್ಟಿಕ್ ಕ್ಯಾಪ್ ಬರುತ್ತೆ ಬ್ಯಾಟರಿ ಜೊತೆ, ಅದನ್ನ ಎಲ್ಲರೂ ಮೊದಲನೇ ದಿನವೇ ಎಸೀತಾರೆ. ಇಲ್ಲಾಂದ್ರೆ ಒಂದು ಜಿಪ್ ಪೌಚ್ ಆದ್ರೂ ಕೊಡಿ. ಸೀಸನ್ ಮುಗಿದು ಸೆಟ್‌ಗಳನ್ನ ಬೀರುಗೆ ಹಾಕೋವಾಗ ಬ್ಯಾಟರಿ ಬಿಚ್ಚಿ, ಅರ್ಧ ಚಾರ್ಜ್‌ನಲ್ಲಿ, ತಂಪಾದ ಕೋಣೇಲಿ ಇಡಿ. ಫುಲ್ ಮಾಡಿಟ್ರೂ ಕೆಡುತ್ತೆ, ಪೂರ್ತಿ ಖಾಲಿ ಮಾಡಿಟ್ರೆ ಇನ್ನೂ ಬೇಗ ಕೆಡುತ್ತೆ.

ಈಗ ರೇಡಿಯೇಷನ್. ಆ ಮನೆಯವರಿಗೆ ಹೀಗೆ ಹೇಳಿ: ಕೇಳಿಸ್ಕೊಳ್ಳುವಾಗ ಸೆಟ್‌ನಿಂದ ಲೆಕ್ಕಕ್ಕೆ ಬರೋಷ್ಟು ಏನೂ ಹೊರಗೆ ಬರಲ್ಲ, ಪಿಟಿಟಿ ಒತ್ತಿದಾಗ ಮಾತ್ರ ಬರುತ್ತೆ. ಬರೋದು ರೇಡಿಯೋ ಅಲೆ, ಎಕ್ಸ್‌ರೇ ಥರದ್ದಲ್ಲ, ಜೀವಕೋಶ ಒಡೆಯೋ ಶಕ್ತಿ ಅದಕ್ಕಿಲ್ಲ, ತೀರಾ ಹತ್ರ ಇದ್ರೆ ಮೈನ ಸ್ವಲ್ಪ ಬಿಸಿ ಮಾಡುತ್ತೆ ಅಷ್ಟೇ. ಕ್ಯಾನ್ಸರ್ ಬಗ್ಗೆ ಕೇಳಿದ್ರೆ, 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ ರೇಡಿಯೋ ಅಲೆಗಳನ್ನ 2ಬಿ ಗುಂಪಿಗೆ ಹಾಕಿದೆ, ಅದರರ್ಥ ಸಾಧ್ಯತೆನ ಪೂರ್ತಿ ತಳ್ಳಿ ಹಾಕೋಕಾಗಲ್ಲ, ಆದ್ರೆ ಪುರಾವೆ ಗಟ್ಟಿಯಿಲ್ಲ ಅಂತ. ಹಾಗಂತ ಹೆಂಗೆ ಬೇಕಾದ್ರೂ ಹಿಡಿಯಬಹುದು ಅಂತಲ್ಲ. ಪ್ರೊಫೆಷನಲ್ ಸೆಟ್ ಮೊಬೈಲ್‌ಗಿಂತ ಜಾಸ್ತಿ ಪವರ್‌ದು, ಅದನ್ನ ಟೆಸ್ಟ್ ಮಾಡಿರೋದು ಕೆಲಸಕ್ಕೆ ಬಳಸೋ, ಹೇಗೆ ಬಳಸ್ಬೇಕು ಅಂತ ತಿಳಿದಿರೋ ದೊಡ್ಡವರಿಗೆ ಅಂತ ಇಟ್ಟಿರೋ ಮಿತಿಗೆ. ಐಸಿಎನ್‌ಐಆರ್‌ಪಿ ಅನ್ನೋ ಅಂತರರಾಷ್ಟ್ರೀಯ ಸಮಿತಿ ಲೆಕ್ಕದಲ್ಲಿ ತಲೆ, ಎದೆ ಭಾಗ ಹೀರ್ಕೊಳ್ಳೋ ಪವರ್‌ಗೆ ಕೆಲಸಗಾರರ ಮಿತಿ ಮೈ ತೂಕದ ಕೆಜಿಗೆ 10 ವ್ಯಾಟ್, ಸಾಮಾನ್ಯ ಜನಕ್ಕೆ 2. ಅದಕ್ಕೇ ಈ ಸೆಟ್ ಮನೆಗೆ ತಗೊಂಡು ಹೋಗಿ ಮಕ್ಕಳ ಕೈಗೆ ಆಟಕ್ಕೆ ಕೊಡೋದು ಬೇಡ ಅನ್ನೋದು.

ಹಿಡಿಯೋ ರೀತಿ ಸುಲಭ. ಸೆಟ್ಟು ನೆಟ್ಟಗೆ, ಆಂಟೆನಾ ಮೇಲಕ್ಕೆ, ಬಾಯಿಂದ ಎರಡು ಬೆರಳಿನಿಂದ ನಾಲ್ಕು ಬೆರಳಿನಷ್ಟು ದೂರ. ಕಂಪನಿಗಳು ಕನಿಷ್ಠ 2.5 ಸೆಂಟಿಮೀಟರ್ ಅಂತ ಹೇಳ್ತಾರೆ, ನಾನು 5 ಅಂತೀನಿ. ಕೆನ್ನೆಗೆ ಒತ್ತಿದ್ರೆ ಆಂಟೆನಾ ಕಣ್ಣಿನ ಪಕ್ಕಕ್ಕೇ ಬಂದು ಕೂರುತ್ತೆ. ಕಣ್ಣಿನ ಲೆನ್ಸ್‌ಗೆ ರಕ್ತ ಓಡಾಟ ಇಲ್ಲ, ಬಿಸಿ ಬೇಗ ಇಳಿಯಲ್ಲ, ಆ ಒಂದು ಅಭ್ಯಾಸ ಬಿಡಿಸಿ. ಒತ್ತಿದ ಮೇಲೆ ಒಂದು ಕ್ಷಣ ಬಿಟ್ಟು ಮಾತು ಶುರು ಮಾಡ್ಲಿ, ಇಲ್ಲಾಂದ್ರೆ ಮೊದಲನೇ ಪದ ಕಟ್ ಆಗಿ ಹೇಳಿದ್ದರ ಅರ್ಥವೇ ಬದಲಾಗಿ ಹೋಗುತ್ತೆ. ಕೂಗೋದೂ ಬೇಡ, ಕೂಗಿದ್ರೆ ಆಡಿಯೋ ಒಡೆಯುತ್ತೆ ಹೊರತು ದೂರ ಹೋಗಲ್ಲ. ಒಟ್ಟು ಸಮಯದಲ್ಲಿ ಅರ್ಧಕ್ಕಿಂತ ಜಾಸ್ತಿ ಪಿಟಿಟಿ ಒತ್ತಿರಬಾರದು ಅನ್ನೋದು ಕಂಪನಿ ಮಿತಿ, ಅಷ್ಟು ಯಾರೂ ಮಾತಾಡಲ್ಲ ಬಿಡಿ. ಸೊಂಟಕ್ಕೆ ಹಾಕ್ಕೊಳ್ಳೋಕೆ ಸೆಟ್ ಜೊತೆ ಬಂದ ಕ್ಲಿಪ್ಪೇ ಇರಲಿ, ಅದು ಮೈಗೂ ಸೆಟ್‌ಗೂ ಮಧ್ಯೆ ಸ್ವಲ್ಪ ಜಾಗ ಬಿಡುತ್ತೆ. ಎದೆಗೆ ಪೇಸ್‌ಮೇಕರ್ ಹಾಕಿಸ್ಕೊಂಡವರು ನಿಮ್ಮಲ್ಲಿದ್ರೆ ಅವರು ಶರ್ಟ್ ಜೇಬಲ್ಲಿ ಸೆಟ್ ಇಡಲೇಬಾರದು, ಕನಿಷ್ಠ 20 ಸೆಂಟಿಮೀಟರ್ ದೂರ ಇರಲಿ, ಅವರ ಡಾಕ್ಟರ್‌ನೂ ಒಂದು ಮಾತು ಕೇಳ್ಲಿ. ಇಯರ್‌ಪೀಸ್ ಹಾಕೋರು ಮೊದಲು ವಾಲ್ಯೂಮ್ ಕಮ್ಮಿ ಮಾಡಿ ಆಮೇಲೆ ಕಿವಿಗೆ ಹಾಕ್ಬೇಕು, ಮಿಲ್ ಹೌಸ್ ಗದ್ದಲಕ್ಕೆ ಫುಲ್ ಇಟ್ಟಿದ್ದನ್ನ ಹಂಗೇ ಹಾಕ್ಕೊಂಡ್ರೆ ಕಿವಿಗೆ ನಿಜವಾದ ಪೆಟ್ಟು ಬೀಳೋದು ಅಲ್ಲೇ.

ನೋಡಿ, ತಲೆಗೆ ಏನಾಗುತ್ತೋ ಅಂತ ಎಲ್ಲರೂ ಕೇಳ್ತಾರೆ, ಆದ್ರೆ ನಿಮ್ಮ ಥರದ ಜಾಗದಲ್ಲಿ ನನಗೆ ಭಯ ಆಗೋದು ಬ್ಯಾಟರಿ ಬಗ್ಗೆ, ಮತ್ತೆ ಪಿಟಿಟಿನ ಎಲ್ಲಿ ನಿಂತು ಒತ್ತುತ್ತಾರೆ ಅನ್ನೋದ್ರ ಬಗ್ಗೆ. ಬ್ಯಾಟರಿ ಹೇಳಿದ್ದಾಯ್ತು. ಡಿಸ್ಟಿಲರಿಗೆ ಬರ್ತೀನಿ.

ನೇರ ಉತ್ತರ: ಮಾಮೂಲಿ ಸೆಟ್ ಡಿಸ್ಟಿಲರಿಯ ಅಪಾಯದ ಏರಿಯಾ ಒಳಗೆ ಹೋಗಬಾರದು. ಆಫ್ ಮಾಡ್ಕೊಂಡು ಹೋಗ್ತೀನಿ ಅನ್ನೋದೂ ಬೇಡ. ಶುದ್ಧ ಎಥನಾಲ್ ಸುಮಾರು 13 ಡಿಗ್ರಿ ಬಿಸಿಗೇ ಹತ್ಕೊಳ್ಳೋಷ್ಟು ಆವಿ ಬಿಡುತ್ತೆ, ಮಂಡ್ಯದಲ್ಲಿ ವರ್ಷವಿಡೀ ಹೆಚ್ಚುಕಮ್ಮಿ ಅದಕ್ಕಿಂತ ಜಾಸ್ತಿನೇ ಬಿಸಿ. ಗಾಳೀಲಿ ಆ ಆವಿ ಶೇಕಡ 3.3 ಸೇರಿದ್ರೆ ಸಾಕು, ಒಂದು ಕಿಡಿಗೆ ಕಾಯ್ತಾ ಇರುತ್ತೆ. ಗಾಳಿಗಿಂತ ಭಾರ ಬೇರೆ, ನೆಲದಲ್ಲಿ, ಚರಂಡೀಲಿ, ಪಂಪ್ ಪಿಟ್‌ನಲ್ಲಿ ಕೂತ್ಕೊಳ್ಳುತ್ತೆ. ಸೆಟ್ ಕೈ ಜಾರಿ ಬಿದ್ರೆ ಎಲ್ಲಿ ಬೀಳುತ್ತೆ? ಅಲ್ಲೇ. ಬಿದ್ದ ಪೆಟ್ಟಿಗೆ ಬ್ಯಾಟರಿ ಕಳಚ್ಕೊಳ್ಳುತ್ತೆ, ಕಳಚೋ ಕ್ಷಣದಲ್ಲಿ ಕಾಂಟ್ಯಾಕ್ಟ್ ಹತ್ರ ಚಿಕ್ಕ ಕಿಡಿ. ಆಂಟೆನಾದಿಂದ ಬರೋ ಅಲೆಗಿಂತ ನನಗೆ ಈ ಕಿಡಿನೇ ದೊಡ್ಡ ಚಿಂತೆ.

ಅಲೆಯದ್ದೂ ಒಂದು ಮಿತಿ ಇದೆ. ಐಇಸಿ 60079 ಅನ್ನೋ ಅಂತರರಾಷ್ಟ್ರೀಯ ಮಾನದಂಡದಲ್ಲಿ ಇಂಥ ಗ್ಯಾಸ್ ಇರೋ ಕಡೆ ಇಷ್ಟಕ್ಕಿಂತ ಜಾಸ್ತಿ ರೇಡಿಯೋ ಪವರ್ ಬೇಡ ಅಂತ ಗುಂಪು ಗುಂಪಾಗಿ ಹಾಕಿದ್ದಾರೆ. ಎಥನಾಲ್ ಈಗ ಬರೋ ಟೂಬಿ (IIB) ಅನ್ನೋ ಗ್ಯಾಸ್ ಗುಂಪಿಗೆ ಅದು 3.5 ವ್ಯಾಟ್. ನಿಮ್ಮ ಸೆಟ್ 5. ಅಪಾಯದ ಏರಿಯಾಗೆ ಅಂತಲೇ ಮಾಡಿರೋ ಸೆಟ್‌ಗಳಲ್ಲಿ ಸುಮಾರು ಮಾಡೆಲ್ 1 ವ್ಯಾಟ್ ಆಸುಪಾಸಲ್ಲಿ ಇರೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ. ಅವನ್ನ ಇಂಟ್ರಿನ್ಸಿಕಲಿ ಸೇಫ್ ಸೆಟ್, ಐಎಸ್ ಸೆಟ್ ಅಂತಾರೆ, ಒಳಗೆ ಎಲ್ಲೇ ಶಾರ್ಟ್ ಆದ್ರೂ ಗ್ಯಾಸ್ ಹತ್ತಿಸೋಷ್ಟು ಶಕ್ತಿಯ ಕಿಡಿ ಬರದ ಹಾಗೆ ಸರ್ಕ್ಯೂಟ್ ಮಾಡಿರ್ತಾರೆ. ನಮ್ಮ ದೇಶದಲ್ಲಿ ಇಂಥ ಉಪಕರಣಕ್ಕೆ ಒಪ್ಪಿಗೆ ಕೊಡೋದು ನಾಗಪುರದಲ್ಲಿ ಮುಖ್ಯ ಕಚೇರಿ ಇರೋ ಪೆಸೊ ಅನ್ನೋ ಕೇಂದ್ರ ಸರ್ಕಾರದ ಸ್ಫೋಟಕ ಸುರಕ್ಷತಾ ಸಂಸ್ಥೆ. ತಗೊಳ್ಳೋವಾಗ ಬಾಯಿ ಮಾತಿಗೆ ನಂಬಬೇಡಿ, ಸರ್ಟಿಫಿಕೇಟ್ ಕೇಳಿ, ಅದರಲ್ಲಿರೋ ಗ್ಯಾಸ್ ಗುಂಪು ಮತ್ತೆ ಝೋನು (ಅಪಾಯ ಎಷ್ಟು ಅಂತ ನೋಡಿ ಗುರುತು ಹಾಕಿದ ಜಾಗ) ನಿಮ್ಮ ಡಿಸ್ಟಿಲರಿಗೆ ಹೊಂದುತ್ತಾ ಅಂತ ಸೇಫ್ಟಿ ಆಫೀಸರ್ ನೋಡ್ಲಿ. ಎಲ್ಲಿಂದ ಎಲ್ಲಿಗೆ ಝೋನು ಅಂತ ತೋರಿಸೋ ಡ್ರಾಯಿಂಗ್ ಅವರ ಹತ್ರ ಇರಲೇಬೇಕು, ಆ ಗೆರೆ ಪ್ರಕಾರ ಬಾಗಿಲಲ್ಲಿ ಒಂದು ಬೋರ್ಡ್ ಹಾಕ್ಸಿ, ಮಾಮೂಲಿ ಸೆಟ್ ಇಡೋಕೆ ಒಂದು ಗೂಡು ಮಾಡ್ಸಿ.

ಐಎಸ್ ಸೆಟ್ ತಗೊಂಡ ಮೇಲೂ ಮೂರು ಕಡೆ ಕೆಡಿಸ್ಕೊಳ್ತಾರೆ. ಒಂದು, ಸೆಟ್ ಐಎಸ್, ಬ್ಯಾಟರಿ ಮಾಮೂಲಿ. ಸರ್ಟಿಫಿಕೇಟ್ ಇರೋದು ಸೆಟ್ಟು, ಬ್ಯಾಟರಿ, ಮೈಕು ಎಲ್ಲಾ ಸೇರಿ ಒಂದು ಜೋಡಿಗೆ, ಬ್ಯಾಟರಿ ಬದಲಾದ್ರೆ ಅದು ಮಾಮೂಲಿ ಸೆಟ್ಟೇ. ಎರಡು, ಏರಿಯಾ ಒಳಗೆ ನಿಂತು ಬ್ಯಾಟರಿ ಬದಲಾಯಿಸೋದು ಅಥವಾ ಮೈಕ್ ಪಿನ್ ಚುಚ್ಚೋದು. ಇದನ್ನ ಐಎಸ್ ಸೆಟ್‌ನಲ್ಲೂ ಮಾಡಂಗಿಲ್ಲ, ಹೊರಗೆ ಬಂದೇ ಮಾಡ್ಬೇಕು. ಮೂರು, ರಿಪೇರಿ. ನನ್ನ ಥರ ಮಾಮೂಲಿ ಬೆಂಚ್ ಇಟ್ಕೊಂಡಿರೋರು ಅದನ್ನ ಬಿಚ್ಚಿದ್ರೆ ಸರ್ಟಿಫಿಕೇಟ್‌ಗೆ ಬೆಲೆ ಇಲ್ಲ, ಅದಕ್ಕೆ ನಾನು ತಗೊಳ್ಳೋದೇ ಇಲ್ಲ, ಕಂಪನಿ ಒಪ್ಪಿದ ಸೆಂಟರ್‌ಗೇ ಕಳ್ಸಿ ಅಂತೀನಿ. ಕೇಸ್ ಸೀಳು ಬಿಟ್ಟಿದ್ರೂ ಒಳಗೆ ತಗೊಂಡು ಹೋಗ್ಬೇಡಿ.

ಸಕ್ಕರೆ ಗೋಡೌನು, ಬ್ಯಾಗಿಂಗ್ ಹೌಸ್ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳ್ತೀನಿ. ಸಕ್ಕರೆ ಪುಡಿ ಗಾಳೀಲಿ ತೇಲ್ತಿದ್ರೆ ಅದೂ ಸಿಡಿಯುತ್ತೆ. ಅಮೆರಿಕದ ಜಾರ್ಜಿಯಾದ ಪೋರ್ಟ್ ವೆಂಟ್‌ವರ್ತ್‌ನ ಸಕ್ಕರೆ ಕಾರ್ಖಾನೇಲಿ 2008ರ ಫೆಬ್ರವರೀಲಿ ಹಾಗೇ ಸಿಡಿದು 14 ಜನ ಸತ್ರು. ಅದು ವಾಕಿಟಾಕಿಯಿಂದ ಆಗಿದ್ದಲ್ಲ, ಆದ್ರೆ ಸಕ್ಕರೆ ಧೂಳು ಏನು ಮಾಡುತ್ತೆ ಅನ್ನೋದು ಗೊತ್ತಿರಲಿ ಅಂತ ಹೇಳಿದೆ. ಅಲ್ಲೂ ಝೋನ್ ಗುರುತು ಹಾಕಿದ್ರೆ ಧೂಳಿಗೂ ಸರ್ಟಿಫಿಕೇಟ್ ಇರೋ ಸೆಟ್ಟೇ ಬೇಕು. ಯಾರ್ಡ್‌ನಲ್ಲಿ ಡೀಸೆಲ್ ಬಂಕ್ ಇದ್ರೆ ಎಣ್ಣೆ ಹಾಕೋವಾಗ ಸೆಟ್ ಆಫ್.

ವೇಬ್ರಿಡ್ಜ್ ಆಪರೇಟರ್ ಬೈಯೋದು ಸರಿಯಾಗೇ ಇದೆ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಕಬ್ಬಿನ ತೂಕ ಅಂದ್ರೆ ರೈತರಿಗೂ ಕಾರ್ಖಾನೆಗೂ ಮೊದಲೇ ಅನುಮಾನ, ಗಾಡಿ ಮೇಲೆ ನಿಂತಿರೋವಾಗ ನಂಬರ್ ಕುಣಿದ್ರೆ ಯಾರು ನಂಬ್ತಾರೆ. ವೇಬ್ರಿಡ್ಜ್ ಹಲಗೆ ಕೆಳಗಿರೋ, ಭಾರ ಅಳೆಯೋ ಲೋಡ್ ಸೆಲ್‌ಗಳು ಕೊಡೋ ಸಿಗ್ನಲ್ಲು ಇಡೀ ಸಾಮರ್ಥ್ಯಕ್ಕೆ 20 ಮಿಲಿವೋಲ್ಟ್ ಆಸುಪಾಸು, ಡಿಸ್ಪ್ಲೇಲಿ 10 ಕೆಜಿ ಬದಲಾವಣೆ ಅಂದ್ರೆ ಕೆಲವೇ ಮೈಕ್ರೋವೋಲ್ಟ್. ಅಷ್ಟು ಸಣ್ಣ ಸಿಗ್ನಲ್ ಹೊತ್ತ ಕೇಬಲ್ ಪಕ್ಕ ನಿಂತು 5 ವ್ಯಾಟ್ ಒತ್ತಿದ್ರೆ ಕೇಬಲ್ಲೇ ಆಂಟೆನಾ ಆಗುತ್ತೆ. ಲೆಕ್ಕದ ಪ್ರಕಾರ ನಿಮ್ಮ ಸೆಟ್‌ನಿಂದ ಒಂದು ಮೀಟರ್ ದೂರದಲ್ಲಿ ಮೀಟರಿಗೆ 12ರಿಂದ 15 ವೋಲ್ಟ್ ಫೀಲ್ಡ್ ಇರುತ್ತೆ. ತೂಕದ ಯಂತ್ರಗಳ ಅಂತರರಾಷ್ಟ್ರೀಯ ಮಾನದಂಡ ಓಐಎಂಎಲ್ ಆರ್76, ಅದರ 2006ರ ಆವೃತ್ತೀಲಿ ಟೆಸ್ಟ್ ಮಾಡೋದು ಮೀಟರಿಗೆ 10 ವೋಲ್ಟ್ ಫೀಲ್ಡ್‌ಗೆ, ಅದಕ್ಕಿಂತ ಹಳೇ ಯಂತ್ರಗಳು ಇನ್ನೂ ಕಮ್ಮಿಗೆ. ಅಂದ್ರೆ ಯಂತ್ರ ಸರಿಯಾಗಿದ್ರೂ ಮಗ್ಗುಲಲ್ಲೇ ಒತ್ತಿದ್ರೆ ಅದು ತಡ್ಕೊಳ್ಳುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಮೂರು ಮೀಟರ್ ದೂರ ಹೋದ್ರೆ ಆ ಫೀಲ್ಡ್ ಮೂರನೇ ಒಂದಕ್ಕೆ ಇಳಿಯುತ್ತೆ.

ನೀವೇ ಪರೀಕ್ಷೆ ಮಾಡಿ, ಆಪರೇಟರ್‌ನ ಜೊತೆಗಿಟ್ಕೊಂಡು, ಗಾಡಿ ಇಲ್ಲದಾಗ. ಡಿಸ್ಪ್ಲೇ ಸೊನ್ನೆ ಇರಲಿ. ಐದು ಮೀಟರ್ ದೂರ ನಿಂತು ಹೈ ಪವರ್‌ನಲ್ಲಿ ಪಿಟಿಟಿ ಒತ್ತಿ, ನಂಬರ್ ನೋಡಿ. ಆಮೇಲೆ ಮೂರು, ಆಮೇಲೆ ಒಂದು. ಇಂಡಿಕೇಟರ್ ಹತ್ರ ಒಂದ್ಸಲ, ಹೊರಗೆ ಜಂಕ್ಷನ್ ಬಾಕ್ಸ್ ಹತ್ರ ಒಂದ್ಸಲ, ಎರಡು ಕಡೆನೂ. ಐದು ಮೀಟರ್‌ನಲ್ಲೇ ಕುಣಿದ್ರೆ ತಪ್ಪು ಸೆಟ್‌ದಲ್ಲ, ಕೇಬಲ್ ಶೀಲ್ಡ್, ಗ್ಲ್ಯಾಂಡ್, ಅರ್ಥಿಂಗ್ ಎಲ್ಲೋ ಬಿಟ್ಟಿದೆ, ವೇಬ್ರಿಡ್ಜ್ ಕಂಪನಿಯವರನ್ನ ಕರ್ಸಿ. ನೀವು ಬಿಚ್ಚೋಕೆ ಹೋಗ್ಬೇಡಿ, ಅದಕ್ಕೆ ಕಾನೂನು ಮಾಪನ ಇಲಾಖೆ ಸೀಲ್ ಇರುತ್ತೆ. ಹತ್ತಿರದಲ್ಲಿ ಮಾತ್ರ ಕುಣಿದ್ರೆ ಎಲ್ಲಿಗೆ ನಿಲ್ಲುತ್ತೋ ಅದಕ್ಕಿಂತ ಒಂದೆರಡು ಮೀಟರ್ ಆಚೆಗೆ ಹಳದಿ ಗೆರೆ ಎಳೆದು "ಒಳಗೆ ಪಿಟಿಟಿ ಇಲ್ಲ" ಅಂತ ಬರ್ಸಿ, ಕ್ಯಾಬಿನ್ ಒಳಗಿನವರಿಗೆ ಇಂಟರ್‌ಕಾಮ್ ಕೊಡಿ. ಟರ್ಬೈನ್ ರೂಮು, ಬಾಯ್ಲರ್ ಕಂಟ್ರೋಲ್ ಪ್ಯಾನಲ್ ಹತ್ರಾನೂ ಇದೇ ನಿಯಮ, ಪ್ಯಾನಲ್ ಬಾಗಿಲು ತೆಗೆದಿರೋವಾಗ ಪಕ್ಕ ನಿಂತು ಒತ್ತಿದ್ರೆ ಸೆನ್ಸರ್ ತಪ್ಪು ತೋರಿಸಿ ಟರ್ಬೈನ್ ಟ್ರಿಪ್ ಆಗೋದು ಪವರ್ ಪ್ಲ್ಯಾಂಟ್‌ನವರಿಗೆ ಹಳೇ ಪರಿಚಯ.

ಮೇಂಟೆನೆನ್ಸ್ ಬಗ್ಗೆ ಜಾಸ್ತಿ ಇಲ್ಲ. ಆಂಟೆನಾ ಹಿಡಿದು ಸೆಟ್ ಎತ್ತೋದು, ಆಂಟೆನಾದಿಂದ ಮೊಳೆಗೆ ನೇತು ಹಾಕೋದು ನಿಲ್ಸಿ, ಒಳಗೆ ಬೋರ್ಡ್‌ಗೆ ಬೆಸುಗೆ ಹಾಕಿರೋ ಜಾಗ ಸೀಳುತ್ತೆ, ಆಮೇಲೆ "ಕಟ್ ಕಟ್ ಬರ್ತಿದೆ ಸರ್" ಅಂತ ನನ್ನ ಹತ್ರ ಬರ್ತೀರ. ಆಂಟೆನಾ ಇಲ್ಲದೆ ಅಥವಾ ಸಡಿಲ ಇದ್ದಾಗ ಪಿಟಿಟಿ ಒತ್ಬೇಡಿ, ಹೊರಗೆ ಹೋಗ್ಬೇಕಾದ ಪವರ್ ವಾಪಸ್ ಬಂದು ಫೈನಲ್ ಟ್ರಾನ್ಸಿಸ್ಟರ್ ಸುಡುತ್ತೆ. ವಿಎಚ್‌ಎಫ್ ಆಂಟೆನಾನ ಯುಎಚ್‌ಎಫ್ ಸೆಟ್‌ಗೆ ಹಾಕಿದ್ರೂ, ಅಂದ್ರೆ ಒಂದು ಬ್ಯಾಂಡಿನ ಆಂಟೆನಾನ ಇನ್ನೊಂದು ಬ್ಯಾಂಡಿನ ಸೆಟ್‌ಗೆ ಹಾಕಿದ್ರೂ, ಅದೇ ಪಾಡು, ಥ್ರೆಡ್ ಹೊಂದಿಬಿಡುತ್ತೆ ಅನ್ನೋದೇ ತೊಂದರೆ. ಆಂಟೆನಾ ರಬ್ಬರ್ ಸೀಳಿ ತಂತಿ ಕಾಣ್ತಿದ್ರೆ ಎಸೆದು ಹೊಸದು ಹಾಕಿ, ಮಾತಾಡೋವಾಗ ಆ ತಂತಿ ಚರ್ಮಕ್ಕೆ ತಾಗಿದ್ರೆ ಚುರ್ ಅಂತ ಸುಡುತ್ತೆ.

ನಿಮ್ಮಲ್ಲಿ ಕಬ್ಬಿನ ಹಾಲು, ಕಾಕಂಬಿ ಅಂಟಿ ಪಿಟಿಟಿ ರಬ್ಬರ್ ಗಟ್ಟಿಯಾಗಿ ಒತ್ತಿದ್ದು ಒತ್ಕೊಂಡೇ ಕೂರೋದು ಸಾಮಾನ್ಯ. ಸೆಟ್ ಆಫ್ ಮಾಡಿ, ಪಾತ್ರೆ ತೊಳೆಯೋ ಲಿಕ್ವಿಡ್ಡು ನೀರಲ್ಲಿ ಬರೀ ಒಂದೆರಡು ಹನಿ ಹಾಕಿ, ಮೆತ್ತನೆ ಬಟ್ಟೆ ಹಿಂಡಿ ಒರೆಸಿ, ಸಂದಿಗೆ ಹಳೇ ಹಲ್ಲುಜ್ಜೋ ಬ್ರಷ್ಷು. ಬ್ಯಾಟರಿ ಬಿಚ್ಚಿ ಕಾಂಟ್ಯಾಕ್ಟ್‌ಗಳಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿ, ತೀರಾ ಕಪ್ಪಾಗಿದ್ರೆ ಪೆನ್ಸಿಲ್ ರಬ್ಬರ್‌ನಲ್ಲಿ ಮೆಲ್ಲಗೆ ಉಜ್ಜಿ. ಪೆಟ್ರೋಲು, ಥಿನ್ನರು, ಸೀಮೆಎಣ್ಣೆ ಮುಟ್ಟಿಸ್ಬೇಡಿ, ಪ್ಲಾಸ್ಟಿಕ್ ಬಿರುಕು ಬಿಡುತ್ತೆ. ಕಂಪ್ರೆಸರ್ ಗಾಳಿ ಹೊಡೆಯೋದಂತೂ ಬೇಡ, ಸ್ಪೀಕರ್ ಪೊರೆ ಹರಿದೋಗುತ್ತೆ. ಐಪಿ67 ಅಂತ ಬರೆದಿದ್ರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುತ್ತೆ ಅಂತ ಅರ್ಥ, ಆದ್ರೆ ಪಕ್ಕದ ಮೈಕ್ ಸಾಕೆಟ್‌ನ ಮುಚ್ಚಳ ಕಳೆದೋಗಿದ್ರೆ ಅದು ಐಪಿ67 ಅಲ್ಲ. ನಿಮ್ಮ ಹದಿನೈದರಲ್ಲಿ ಎಷ್ಟಕ್ಕೆ ಆ ಮುಚ್ಚಳ ಇದೆ ಎಣಿಸಿ ನೋಡಿ.

ಕೊನೆಗೆ ಲೈಸೆನ್ಸು. 5 ವ್ಯಾಟ್ ಸೆಟ್ಟು, ನಿಮಗೆ ಬೇಕಾದ ಫ್ರೀಕ್ವೆನ್ಸಿ, ಅಂದ್ರೆ ಲೈಸೆನ್ಸ್ ಬೇಕೇ ಬೇಕು. ಕೊಡೋದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ, ಅರ್ಜಿ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ, ಫ್ರೀಕ್ವೆನ್ಸಿ ಅವರೇ ಹಂಚ್ತಾರೆ. ಲೈಸೆನ್ಸ್ ಇಲ್ಲದೆ ಬಳಸಬಹುದಾದ್ದು 446.0ರಿಂದ 446.2 ಮೆಗಾಹರ್ಟ್ಸ್‌ನ ಅರ್ಧ ವ್ಯಾಟ್ ಸೆಟ್, 2018ರಿಂದ ಅದಕ್ಕೆ ವಿನಾಯಿತಿ ಇದೆ, ಆದ್ರೆ ಆ ಮಾಡೆಲ್‌ಗೂ ಇಟಿಎ ಅನ್ನೋ ಒಪ್ಪಿಗೆ ಇರ್ಬೇಕು. ಆನ್‌ಲೈನ್‌ನಲ್ಲಿ ಎರಡು ಸಾವಿರಕ್ಕೆ ಸಿಗೋ, ಯಾವ ಫ್ರೀಕ್ವೆನ್ಸಿ ಬೇಕಾದ್ರೂ ಕೀಪ್ಯಾಡ್‌ನಲ್ಲಿ ಒತ್ತಿ ಹಾಕ್ಕೊಳ್ಳೋ ಸೆಟ್‌ಗಳು ಈ ವಿನಾಯಿತೀಲಿ ಬರಲ್ಲ, ಗೊತ್ತಿಲ್ಲದೆ ಪೊಲೀಸ್ ಚಾನೆಲ್ಲೋ ಫೈರ್ ಬ್ರಿಗೇಡ್ ಚಾನೆಲ್ಲೋ ತುಳಿದ್ರೆ ಮನೆ ಬಾಗಿಲಿಗೆ ಬರ್ತಾರೆ. 2025ರಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇವುಗಳ ಆನ್‌ಲೈನ್ ಮಾರಾಟದ ಮೇಲೇ ಮಾರ್ಗಸೂಚಿ ತಂದಿದೆ. ಸೆಟ್‌ಗಳು ನಿಮ್ಮ ಕಾರ್ಖಾನೆಯವಾ, ಸೆಕ್ಯುರಿಟಿ ಏಜೆನ್ಸಿ ತಂದಿದ್ದಾ ಮೊದಲು ತಿಳ್ಕೊಳ್ಳಿ, ಏಜೆನ್ಸಿದಾದ್ರೆ ಲೈಸೆನ್ಸ್ ಕಾಪಿ ಕೇಳಿ, ಅದರಲ್ಲಿ ನಿಮ್ಮ ಜಾಗದ ವಿಳಾಸ, ಸೆಟ್ ಸಂಖ್ಯೆ ಇದೆಯಾ ನೋಡಿ.

ಬ್ಯಾಟರಿ ಬಿಚ್ಚಿದ್ರೆ ಒಳಗೆ ಒಂದು ಲೇಬಲ್ ಕಾಣುತ್ತೆ, ಮಾಡೆಲ್ ನಂಬರು, ಬ್ಯಾಂಡು ಅದರಲ್ಲೇ ಇರುತ್ತೆ. ಅದನ್ನ ಬರೆದು ಕಳ್ಸಿ, ಲೋ ಪವರ್ ಬಟನ್ ಎಲ್ಲಿ, ಟೈಮರ್ ಇದೆಯಾ, ಅದಕ್ಕೆ ಐಎಸ್ ಮಾಡೆಲ್ ಬರುತ್ತಾ ಅಂತ ನೋಡಿ ಹೇಳ್ತೀನಿ.